ಅಕ್ಕನಿಗೆ ಒಂದು ಕುಕ್ಕಿ, 28 ಸೆಂಟಿಮೀಟರ್ ಅಗಲದ್ದು

ಅಕ್ಕನ ಹುಟ್ಟುಹಬ್ಬ ಹತ್ರ ಬಂತು ಅಂದ್ರೆ ನನಗೆ ಹದಿನೈದು ದಿನ ಮುಂಚೆಯಿಂದ್ಲೇ ತಲೆಬಿಸಿ ಶುರು. ಏನು ಕೊಟ್ರೂ ಅವಳದ್ದು ಒಂದೇ ರಾಗ, "ಇದನ್ನ ಎಲ್ಲಿಡ್ಲಿ ಹೇಳು, ಇರೋ ಸಾಮಾನಿಗೇ ಜಾಗ ಇಲ್ಲ". ಒಂದ್ಸಲ ಚೆಂದದ ಹೂದಾನಿ ಕೊಟ್ಟಿದ್ದೆ, ಆರು ತಿಂಗಳು ಬಿಟ್ಟು ಹೋದಾಗ ನೋಡ್ತೀನಿ, ಅದರಲ್ಲಿ ಸ್ಕ್ರೂಡ್ರೈವರ್, ರೀಫಿಲ್ ಇಲ್ದಿರೋ ಎರಡು ಪೆನ್ನು, ಒಂದು ಕತ್ತರಿ ಎಲ್ಲಾ ಸಾಲಾಗಿ ನಿಂತಿದ್ವು. ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳಾಗತ್ತೆ. ಅವತ್ತೇ ಡಿಸೈಡ್ ಮಾಡ್ದೆ, ಇನ್ಮೇಲೆ ಇವಳಿಗೆ ಇಡೋಕೆ ಜಾಗ ಬೇಕಾಗೋ ಅಂಥದ್ದೇನೂ ಕೊಡಲ್ಲ, ತಿಂದು ಮುಗಿಸಿಬಿಡೋ ಅಂಥದ್ದೇ ಕೊಡ್ತೀನಿ ಅಂತ.

ಕೇಕ್ ಅವಳು ಮುಟ್ಟಲ್ಲ. ಕ್ರೀಮ್ ಬಾಯೆಲ್ಲಾ ಮೆತ್ಕೊಳತ್ತಂತೆ. ಆದ್ರೆ ಕುಕ್ಕಿ ಅಂದ್ರೆ ಪ್ರಾಣ, ಅದೂ ಅಂಗಡಿ ಪ್ಯಾಕೆಟ್ಟಿನದಲ್ಲ, ಮನೇಲಿ ಮಾಡಿದ್ದು, ಅಂಚು ಗರಿಗರಿ, ಒಳಗೆ ಮೆತ್ತಗೆ ಇರ್ಬೇಕು. ನಾನು ಚಿಕ್ಕ ಕುಕ್ಕಿ ಮಾಡೋದ್ರಲ್ಲಿ ಪರವಾಗಿಲ್ಲ, ಕಣ್ಮುಚ್ಚಿ ಮಾಡ್ತೀನಿ. ಸರಿ, ಅದೇ ಹಿಟ್ಟನ್ನೆಲ್ಲಾ ಒಟ್ಟಿಗೆ ಒಂದೇ ಟಿನ್ನಿಗೆ ಹಾಕಿ ಒಂದೇ ಒಂದು ದೊಡ್ಡ ಕುಕ್ಕಿ ಮಾಡಿ, ಮೇಲೆ ಏನಾದ್ರೂ ಬರ್ದು ಅಲಂಕಾರ ಮಾಡಿ ಕೊಟ್ಬಿಟ್ರೆ ಕೇಕಿನ ಗತ್ತೂ ಬಂತು, ಕುಕ್ಕಿ ರುಚಿಯೂ ಬಂತು ಅಂತ ಲೆಕ್ಕ ಹಾಕ್ದೆ. ಅಂದಹಾಗೆ ಕುಕ್ಕಿ ಅನ್ನೋ ಪದ ಡಚ್ ಭಾಷೆಯಿಂದ ಬಂದಿದ್ದು, ಅಲ್ಲಿ ಅದರ ಅರ್ಥ ಪುಟ್ಟ ಕೇಕ್ ಅಂತ. ಅಂದ್ರೆ ನಾನು ಮಾಡೋಕೆ ಹೊರಟಿದ್ದು ದೈತ್ಯಾಕಾರದ ಪುಟ್ಟ ಕೇಕ್. ಹೆಸರಲ್ಲೇ ಎಡವಟ್ಟಿತ್ತು, ನನಗೆ ಆವಾಗ ಹೊಳೀಲಿಲ್ಲ ಅಷ್ಟೇ.

ಎಡವಟ್ಟು ನಂಬರ್ ಒನ್ ಟಿನ್ನಿಂದು. ಓವನ್ ಒಳಗೆ ಎಷ್ಟು ಜಾಗ ಇದೆ ಅಂತ ಟೇಪ್ ಹಿಡಿದು ಅಳತೆ ಮಾಡ್ದೆ, 31 ಸೆಂಟಿಮೀಟರ್ ಬಂತು, ಖುಷಿಯಾಗಿ 30 ಸೆಂಟಿಮೀಟರಿನ ದುಂಡು ಟಿನ್ ತಂದೆ. ತಂದು ಒಳಗಿಟ್ಟು ಬಾಗಿಲು ಹಾಕೋಕೆ ಹೋದ್ರೆ ಹಾಕೋಕೇ ಬರ್ತಿಲ್ಲ. ಯಾಕಂದ್ರೆ ಆ 30 ಅನ್ನೋದು ಟಿನ್ನಿನ ತಳದ ಅಳತೆ, ಮೇಲೆ ಅಂಚು ಹೊರಗೆ ಬಾಗಿರೋದನ್ನ ನಾನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಬಾಗಿಲು ಎರಡು ಬೆರಳಷ್ಟು ತೆರೆದೇ ನಿಂತ್ಕೊಂಡಿತ್ತು. ನೀವೇನಾದ್ರೂ ಮಾಡೋದಾದ್ರೆ ಮೊದಲು ಟಿನ್ನಿನ ಬಾಯಿ ಅಗಲ ನೋಡಿ, ಸುತ್ತ ಬಿಸಿಗಾಳಿ ಓಡಾಡೋಕೆ ಅಂತ ಇನ್ನೂ ಒಂದೆರಡು ಸೆಂಟಿಮೀಟರ್ ಬಿಡಿ. ಕೊನೆಗೆ ನಾನು 28ರ ಟಿನ್ನಿಗೆ ಇಳಿದೆ, ತಳ ಬಿಚ್ಚಿ ತೆಗೆಯೋಕೆ ಬರೋ ಅಂಥದ್ದು. ಆಮೇಲೆ ನೋಡಿದ್ರೆ ಅದೇ ಒಳ್ಳೇದಾಯ್ತು. ಸೈಜಿನ ಹುಚ್ಚು ನನಗೊಬ್ಬಳಿಗೇ ಅಲ್ಲ ಬಿಡಿ, 2003ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸುಮಾರು 30 ಮೀಟರ್ ಅಗಲದ, 18 ಟನ್ನಿಗೂ ಹೆಚ್ಚು ತೂಕದ ಕುಕ್ಕಿ ಮಾಡಿ ಗಿನ್ನೆಸ್ ದಾಖಲೆ ಬರ್ಸಿದ್ದಾರೆ. ಅವರ ಓವನ್ ಬಾಗಿಲು ಮುಚ್ತೋ ಇಲ್ವೋ ಗೊತ್ತಿಲ್ಲ.

ಹುಟ್ಟುಹಬ್ಬಕ್ಕೆ ಒಂದು ವಾರ ಮುಂಚೆ ಟ್ರಯಲ್ ಅಂತ ಮೊದಲನೇದು ಮಾಡ್ದೆ. ಪುಣ್ಯಕ್ಕೆ ಮಾಡ್ದೆ. ಚಿಕ್ಕ ಕುಕ್ಕಿಗೆ ಇಡೋ ಹಾಗೇ 180 ಡಿಗ್ರಿ, ಹಿಟ್ಟನ್ನ ಟಿನ್ನಿನ ಗೋಡೆಗೆ ಒತ್ತೊತ್ತಿ ಭರ್ತಿ ತುಂಬಿಸ್ದೆ, ಟೈಮ್ ಮಾತ್ರ 12 ನಿಮಿಷದ ಬದಲು 20 ಅಂತ ಇಟ್ಟೆ. ಇಪ್ಪತ್ತಕ್ಕೆ ತೆಗೆದು ನೋಡಿದ್ರೆ ನಡುವೆ ಮುಟ್ಟಿದ್ರೆ ಅಲುಗಾಡ್ತಿದೆ. ಮತ್ತೆ ಐದು ನಿಮಿಷ. ಇನ್ನೂ ಹಸಿ. ಮತ್ತೆ ಐದು. ಅಷ್ಟೊತ್ತಿಗೆ ಅಂಚು ಇಟ್ಟಿಗೆ ಬಣ್ಣ ದಾಟಿ ಕಾಫಿಪುಡಿ ಬಣ್ಣಕ್ಕೆ ಬಂದಿತ್ತು, ನಡುವೆ ಮಾತ್ರ ಮಹಾರಾಣಿ ಹಾಗೆ ತಣ್ಣಗೆ ಹೊಳೀತಾ ಕೂತಿದ್ಲು. ಸಾಕು ಅಂತ ತೆಗೆದು, ಬಿಸಿಬಿಸಿ ಇರೋವಾಗ್ಲೇ ಎತ್ತೋಕೆ ಹೋದೆ, ಕೈಯಲ್ಲೇ ಮೂರು ತುಂಡಾಯ್ತು, ನಡುವಿನ ತುಂಡು ಸೀದಾ ಸ್ಟವ್ ಮೇಲೆ ಬಿತ್ತು. ನಾನು ಆ ಕ್ಷಣಕ್ಕೆ ಬೈದಿದ್ದು ಓವನ್ನನ್ನ. ಇದರ ಬಿಸಿ ಸರಿ ಇಲ್ಲ, ಇದು ಹಳೇದಾಯ್ತು, ಅದೂ ಇದೂ ಅಂತ. ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ, ಹಾಗೆ.

ಆ ತುಂಡುಗಳನ್ನ ಮೆಲ್ಲುತ್ತಾ ಕೂತ್ಕೊಂಡು (ಅಂಚು ಬಿಟ್ರೆ ಮಿಕ್ಕಿದ್ದು ಚೆನ್ನಾಗೇ ಇತ್ತು) ಯೋಚ್ನೆ ಮಾಡಿದಾಗ ಹೊಳೀತು, ದೊಡ್ಡ ಕುಕ್ಕಿ ಅಂದ್ರೆ ಚಿಕ್ಕ ಕುಕ್ಕಿ ದಪ್ಪಗಾಗಿರೋದಲ್ಲ, ಅದು ಬೇರೆ ಪ್ರಾಣಿನೇ. ಲೆಕ್ಕ ಹಾಕಿ ನೋಡಿ. 8 ಸೆಂಟಿಮೀಟರಿನ ಮಾಮೂಲಿ ಕುಕ್ಕಿ ಹನ್ನೆರಡು ಸೇರಿದ್ರೆ ಹೆಚ್ಚುಕಮ್ಮಿ 28 ಸೆಂಟಿಮೀಟರಿನ ಒಂದರಷ್ಟು ಜಾಗ ಆಗತ್ತೆ. ಆದ್ರೆ ಆ ಹನ್ನೆರಡರ ಅಂಚೆಲ್ಲಾ ಸೇರಿಸಿ ಉದ್ದಕ್ಕೆ ಎಳೆದ್ರೆ 300 ಸೆಂಟಿಮೀಟರ್, ದೊಡ್ಡದರ ಅಂಚು ಬರೀ 88. ಚಿಕ್ಕದರಲ್ಲಿ ಯಾವ ಮೂಲೆ ಹಿಡಿದ್ರೂ ಅಂಚು 4 ಸೆಂಟಿಮೀಟರ್ ಒಳಗೇ ಇರತ್ತೆ, ದೊಡ್ಡದರಲ್ಲಿ ನಡುವಿನಿಂದ ಅಂಚಿಗೆ 14 ಸೆಂಟಿಮೀಟರ್ ದಾರಿ. ಅಂಚಿಗೆ ಮೇಲಿಂದ, ಕೆಳಗಿಂದ, ಪಕ್ಕದ ಟಿನ್ನಿನ ಗೋಡೆಯಿಂದ, ಮೂರೂ ಕಡೆ ಬಿಸಿ ತಾಗತ್ತೆ, ನಡುವಿಗೆ ಮೇಲೆ ಕೆಳಗೆ ಎರಡೇ. ಒಂದೇ ಟಿನ್ನಲ್ಲಿದ್ರೂ ಅಂಚಿನ ಗಡಿಯಾರ ಬೇರೆ ನಡುವಿನ ಗಡಿಯಾರ ಬೇರೆ. ನಾವು ಮಾಡ್ಬೇಕಾಗಿರೋದು ಇಷ್ಟೇ, ಅಂಚನ್ನ ತಡೆದು ಹಿಡಿಯೋದು, ನಡುವನ್ನ ಸ್ವಲ್ಪ ಮುಂದೆ ತಳ್ಳೋದು.

ಇನ್ನು ಹಿಟ್ಟಿನ ವಿಷಯ. ಎರಡನೇ ಸಲಕ್ಕೆ ನಾನು ತಗೊಂಡಿದ್ದು ಮೈದಾ 280 ಗ್ರಾಂ, ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಬ್ರೌನ್ ಶುಗರ್ 160, ಬಿಳಿ ಸಕ್ಕರೆ 100, ಒಂದು ಇಡೀ ಮೊಟ್ಟೆ ಜೊತೆಗೆ ಇನ್ನೊಂದರ ಹಳದಿ ಮಾತ್ರ, ಅಡುಗೆ ಸೋಡಾ ಒಂದು ಟೀ ಚಮಚ, ಉಪ್ಪು ಅರ್ಧ, ಕಾರ್ನ್‌ಫ್ಲೋರ್ ಎರಡು, ವೆನಿಲಾ ಎರಡು, ಚಾಕ್ಲೇಟ್ 250 ಗ್ರಾಂ, ಅದನ್ನ ಚಾಕುವಲ್ಲಿ ದಪ್ಪದಪ್ಪಗೆ ಹೆಚ್ಚಿದ್ದು. ಕುಕ್ಕಿಗೆ ಹೀಗೆ ಚಾಕ್ಲೇಟ್ ತುಂಡು ಹಾಕಿದ್ದು 1930ರ ದಶಕದಲ್ಲಿ, ಮ್ಯಾಸಚೂಸೆಟ್ಸ್‌ನ ಟೋಲ್ ಹೌಸ್ ಅನ್ನೋ ಹೋಟೆಲ್ ನಡೆಸ್ತಿದ್ದ ರೂತ್ ವೇಕ್‌ಫೀಲ್ಡ್, ಆ ಹೆಂಗಸಿಗೆ ಒಂದು ದೊಡ್ಡ ನಮಸ್ಕಾರ. ನನ್ನ ಅಳತೆಯ ಬುಡವೂ ಅಂಥದ್ದೇ ಹಳೇ ಲೆಕ್ಕ, ಮೊಟ್ಟೆ ಬೆಣ್ಣೆ ಕೊಂಚ ಕಮ್ಮಿ ಮಾಡ್ಕೊಂಡಿದೀನಿ ಅಷ್ಟೇ.

ಬ್ರೌನ್ ಶುಗರ್ ಜಾಸ್ತಿ ಯಾಕೆ ಅಂದ್ರೆ ಅದರಲ್ಲಿರೋ ಕಾಕಂಬಿ ತೇವ ಹಿಡಿದಿಟ್ಕೊಳತ್ತೆ, ಕುಕ್ಕಿ ಮಾರನೇ ದಿನವೂ ಮೆತ್ತಗಿರತ್ತೆ, ಗಿಫ್ಟ್ ಅಂದ್ಮೇಲೆ ಅದು ಮುಖ್ಯ ಅಲ್ವಾ. ಆ ಕಾಕಂಬಿಯ ಸ್ವಲ್ಪ ಹುಳಿ ಗುಣ ಸೋಡಾ ಜೊತೆ ಸೇರಿ ಹಿಟ್ಟು ಉಬ್ಬೋಕೂ ಸಹಾಯ. ಇನ್ನೊಂದು ಮೊಟ್ಟೆಯ ಬಿಳಿ ಬಿಟ್ಟಿದ್ದು ಬೇಕಂತಲೇ, ಬಿಳಿಯಲ್ಲಿ ನೀರು ಜಾಸ್ತಿ, ಕೇಕಿನ ಹಾಗೆ ಉಬ್ಬಿಸಿಬಿಡತ್ತೆ. ಬೆಣ್ಣೆ ಕರಗಿರ್ಬಾರ್ದು. ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ಬೇಕು, ಆದ್ರೆ ಬೆರಳು ಜಿಡ್ಡಾಗಿ ಜಾರ್ಬಾರ್ದು, ಅಷ್ಟು ಮೆತ್ತಗಿರ್ಬೇಕು. ಬೆಣ್ಣೆ 32ರಿಂದ 35 ಡಿಗ್ರಿ ಒಳಗೆ ಪೂರ್ತಿ ಕರಗಿಹೋಗತ್ತೆ, ಅಂದ್ರೆ ಸೆಕೆ ದಿನ ಅಡುಗೆಮನೇಲಿ ಮರೆತು ಹೊರಗಿಟ್ರೆ ತಾನಾಗೇ ಎಣ್ಣೆ. ಮೈದಾ ಹಾಕಿದ್ಮೇಲೆ ಬೀಟರ್ ಬಂದ್ ಮಾಡಿ ಸೌಟಿನಲ್ಲೇ ಕಲಸ್ದೆ, ಒಣ ಹಿಟ್ಟು ಕಾಣದಾದ ತಕ್ಷಣ ನಿಲ್ಲಿಸ್ಬೇಕು, ಜಾಸ್ತಿ ಕಲಸಿದ್ರೆ ಅಂಟು ಬಂದು ಕುಕ್ಕಿ ರಬ್ಬರ್ ಆಗತ್ತೆ. ಮನೇಲಿ ಮಕ್ಕಳಿದ್ರೆ ಬೌಲ್ ನೆಕ್ಕೋಕೆ ಬರ್ತಾರೆ, ಬಿಡ್ಬೇಡಿ, ಹಸಿ ಮೊಟ್ಟೆ ಅಂತ ಮಾತ್ರ ಅಲ್ಲ, ಹಸಿ ಮೈದಾನೂ ಹೊಟ್ಟೆಗೆ ಒಳ್ಳೇದಲ್ಲ. ನನ್ನ ಕೇಸಲ್ಲಿ ಮಕ್ಕಳ ಕೆಲಸಾನ ಯಜಮಾನರು ಮಾಡೋಕೆ ಬಂದಿದ್ರು, ಕಳಿಸ್ದೆ.

ಕಲಸಿ ಮುಚ್ಚಿ ಫ್ರಿಜ್ಜಲ್ಲಿ ಒಂದು ರಾತ್ರಿ ಇಟ್ಟೆ. ಮೈದಾ ಮೊಟ್ಟೆಯ ತೇವಾನೆಲ್ಲ ನಿಧಾನಕ್ಕೆ ಹೀರ್ಕೊಳತ್ತೆ, ಬೆಣ್ಣೆ ಗಟ್ಟಿಯಾಗತ್ತೆ, ಬೇಯೋವಾಗ ಹಿಟ್ಟು ಎರ್ರಾಬಿರ್ರಿ ಹರಡಲ್ಲ, ಬಣ್ಣ ರುಚಿ ಎರಡೂ ಗಾಢವಾಗತ್ತೆ. ಟೈಮ್ ಇಲ್ಲ ಅಂದ್ರೆ ಒಂದು ಗಂಟೆಯಾದ್ರೂ ಇಡಿ. ಬೆಳಗ್ಗೆ ತೆಗೆದಾಗ ಕಲ್ಲಾಗಿತ್ತು, ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಕೈ ಹಾಕ್ದೆ.

ಟಿನ್ನಿನ ತಳಕ್ಕೆ ಬಟರ್ ಪೇಪರ್ ದುಂಡಗೆ ಕತ್ತರಿಸಿ ಹಾಸ್ದೆ, ಎರಡು ಕಡೆ ಉದ್ದದ ಪಟ್ಟಿ ಹೊರಗೆ ಬರೋ ಹಾಗೆ ಬಿಟ್ಟೆ, ಆಮೇಲೆ ಎಳೆಯೋಕೆ ಹಿಡಿ ಬೇಕಲ್ಲ. ಹಿಟ್ಟನ್ನ ಈ ಸಲ ಗೋಡೆ ತನಕ ತುಂಬಲಿಲ್ಲ, ಸುತ್ತ ಒಂದು ಬೆರಳಿಗಿಂತ ಸ್ವಲ್ಪ ಜಾಸ್ತಿ ಜಾಗ ಖಾಲಿ ಬಿಟ್ಟು ಅಂಗೈಯಲ್ಲಿ ತಟ್ಟಿದೆ, ಬೇಯ್ತಾ ಬೇಯ್ತಾ ಅದೇ ಹರಡಿ ಗೋಡೆ ಮುಟ್ಟಿಕೊಳತ್ತೆ. ದಪ್ಪ ಒಂದೂವರೆ ಸೆಂಟಿಮೀಟರಿಗೆ ಕೊಂಚ ಮೇಲೆ. ಮತ್ತೆ ಇಲ್ಲೊಂದು ಕೆಲಸ, ಇದನ್ನ ಮಾತ್ರ ಮರೀಬೇಡಿ, ನಡುವೆ ಅಂಗೈ ಅಗಲದ ಜಾಗಾನ ಬೆರಳ ತುದಿಯಲ್ಲಿ ಒತ್ತಿ ಸ್ವಲ್ಪ ತಗ್ಗು ಮಾಡಿ. ಮೂರು ಮಿಲಿಮೀಟರ್ ಸಾಕು, ನೋಡಿದ್ರೆ ಗೊತ್ತೂ ಆಗಲ್ಲ. ಹಿಂದುಳಿಯೋದು ನಡುವೇ ಆದ್ರಿಂದ ಅದಕ್ಕೆ ಬೇಯೋ ಹಿಟ್ಟೇ ಕಮ್ಮಿ ಕೊಡೋದು. ಬೇಯ್ತಾ ಅದು ಉಬ್ಬಿ ಸಮ ಆಗತ್ತೆ.

ಓವನ್ 170ಕ್ಕೆ ಇಳಿಸ್ದೆ, ನಡುವಿನ ಸ್ಟ್ಯಾಂಡು. ಹದಿನೈದು ನಿಮಿಷಕ್ಕೆ ಅಂಚಿಗೆ ಹೊಂಬಣ್ಣ ಬರೋಕೆ ಶುರುವಾಯ್ತು, ಆವಾಗ ಅಲ್ಯೂಮಿನಿಯಂ ಫಾಯಿಲ್ಲಿನ ಉದ್ದ ಪಟ್ಟಿ ಮಡಚಿ ಅಂಚಿನ ಮೇಲೆ ಉಂಗುರದ ಹಾಗೆ ಹೊದಿಸ್ದೆ, ನಡುವೆ ತೆರೆದೇ ಇತ್ತು. ಅಂಚಿಗೆ ಕೊಡೆ, ನಡುವಿಗೆ ಬಿಸಿಲು. ನಿಮ್ಮ ಟಿನ್ ಕಪ್ಪು ಬಣ್ಣದ್ದಾಗಿದ್ರೆ ಇನ್ನೂ ಬೇಗ ನೋಡಿ, ಕಪ್ಪು ಬಿಸೀನ ಜಾಸ್ತಿ ಹೀರತ್ತೆ, ತಳ ಸೀದುಹೋಗಿರತ್ತೆ ಮೇಲೆ ಗೊತ್ತಾಗಲ್ಲ.

ಆಯ್ತಾ ಇಲ್ವಾ ಅಂತ ಗೊತ್ತಾಗೋದು ಹೇಗೆ? ಕಡ್ಡಿ ಚುಚ್ಚಿ ನೋಡೋದು ಇಲ್ಲಿ ನಡೆಯಲ್ಲ, ಕಡ್ಡಿಗೆ ಕರಗಿದ ಚಾಕ್ಲೇಟ್ ಮೆತ್ಕೊಂಡು ಬಂದು ಹಸಿ ಹಿಟ್ಟು ಅಂತ ಮೋಸ ಮಾಡತ್ತೆ. ನಾನು ನೋಡಿದ್ದು ಹೊಳಪನ್ನ. ಹಸಿ ಹಿಟ್ಟು ಬೇಯೋ ತನಕ ಒದ್ದೆ ಒದ್ದೆ ಹೊಳೀತಾ ಇರತ್ತೆ, ಬೆಂದ ಕಡೆ ಆ ಹೊಳಪು ಸತ್ತು ಮಂಕಾಗತ್ತೆ. ಅಂಚಿಂದ ಒಳಗೆ ಆ ಮಂಕು ನಿಧಾನಕ್ಕೆ ಹರಿದು ಬರೋದು ಗಾಜಿನ ಬಾಗಿಲಲ್ಲಿ ಕಾಣತ್ತೆ, ಕೆರೆ ಒಣಗ್ತಾ ಬಂದ ಹಾಗೆ, ಕೊನೆಗೆ ನಡುವೆ ಒಂದು ನಾಣ್ಯದಷ್ಟು ಹೊಳಪು ಉಳಿಯತ್ತೆ. ಅದೂ ಹೋದ್ಮೇಲೆ ಒಂದೇ ನಿಮಿಷ, ಆಫ್. ನನಗೆ ಒಟ್ಟು 27 ನಿಮಿಷ ಆಯ್ತು. ಅಡುಗೆ ಥರ್ಮಾಮೀಟರ್ ಇದ್ರೆ ನಡುವೆ 85 ಡಿಗ್ರಿ ಬಂದಿದೆಯಾ ನೋಡ್ಕೊಳ್ಳಿ, ಅನುಮಾನವೇ ಇರಲ್ಲ.

ಆಮೇಲಿನದ್ದೇ ಕಷ್ಟ. ಮುಟ್ಟಬಾರ್ದು. ಹೊರಗೆ ತೆಗೆದಾಗ ಅದು ಕುಕ್ಕಿಯೇ ಅಲ್ಲ, ಬಿಸಿ ಬೆಣ್ಣೆ ಮೇಲೆ ತೇಲ್ತಿರೋ ಹಿಟ್ಟು, ಬೆಣ್ಣೆ ಮತ್ತೆ ಗಟ್ಟಿಯಾಗಿ ಸಕ್ಕರೆ ಬಿಗಿದುಕೊಳ್ಳೋ ತನಕ ಅದಕ್ಕೆ ಬೆನ್ನುಮೂಳೆ ಬರಲ್ಲ. ಟಿನ್ನಿನ ಬಿಸಿಗೇ ಇನ್ನೂ ಕೆಲವು ನಿಮಿಷ ಬೇಯ್ತಾನೂ ಇರತ್ತೆ. ಜಾಲರಿ ಮೇಲೆ ಟಿನ್ ಸಮೇತ ಇಟ್ಟು ಎರಡು ಗಂಟೆ ಬಿಟ್ಟೆ. ಮನೆಯೆಲ್ಲಾ ಘಮಘಮ, ಯಜಮಾನರು ಮೂರು ಸಲ ಅಡುಗೆಮನೆಗೆ ನೀರು ಕುಡಿಯೋಕೆ ಬಂದ್ರು. ಒಬ್ಬ ಮನುಷ್ಯನಿಗೆ ಎರಡು ಗಂಟೇಲಿ ಅಷ್ಟು ಬಾಯಾರಿಕೆ ಆಗಲ್ಲ.

ಪೂರ್ತಿ ತಣ್ಣಗಾದ್ಮೇಲೆ ಟಿನ್ನಿನ ತಳ ಮೇಲಕ್ಕೆ ತಳ್ಳಿ, ಪೇಪರಿನ ಬಾಲ ಹಿಡ್ಕೊಂಡು ಮೆಲ್ಲಗೆ ಕೇಕ್ ಬೋರ್ಡ್ ಮೇಲೆ ಜಾರಿಸ್ದೆ. ಎತ್ತಲಿಲ್ಲ, ಜಾರಿಸ್ದೆ. ಒಂದು ಬಿರುಕೂ ಇಲ್ಲ. ಒಬ್ಬಳೇ ಚಪ್ಪಾಳೆ ಹೊಡ್ಕೊಂಡೆ.

ಈಗ ಅಲಂಕಾರ. ಮೊದಲು ರಾಯಲ್ ಐಸಿಂಗ್ ಹಾಕೋಣ ಅಂದ್ಕೊಂಡಿದ್ದೆ, ಅದೇ ಮೊಟ್ಟೆ ಬಿಳಿ ಮತ್ತೆ ಐಸಿಂಗ್ ಶುಗರಿಂದು, ಒಣಗಿದ್ರೆ ಗಾಜಿನ ಹಾಗೆ ನುಣ್ಣಗೆ ಕೂರತ್ತೆ, ಫೋಟೋಗಳಲ್ಲೆಲ್ಲಾ ಕಾಣೋದು ಅದೇ. ಟ್ರಯಲ್ಲಿನ ತುಂಡೊಂದರ ಮೇಲೆ ಹಾಕಿ ನೋಡಿದ್ದೆ. ಒಣಗಿತು, ಚೆನ್ನಾಗಿತ್ತು, ಎತ್ತಿದ ತಕ್ಷಣ ಮೆತ್ತಗಿನ ಕುಕ್ಕಿ ಬಾಗ್ತು, ಮೇಲಿನ ಐಸಿಂಗ್ ಬಾಗೋ ಜಾತಿಯದ್ದಲ್ಲ, ಚಟಕ್ ಅಂತ ಬಿರುಕು ಬಿಡ್ತು. ಅದು ಗಟ್ಟಿ ಶುಗರ್ ಕುಕ್ಕಿಗೆ ಸರಿ, ನಮ್ಮ ಮೆತ್ತನೆ ದೈತ್ಯನಿಗೆ ಬಟರ್‌ಕ್ರೀಮೇ ಸರಿ. 100 ಗ್ರಾಂ ಬೆಣ್ಣೆಗೆ 200 ಗ್ರಾಂ ಜರಡಿ ಹಿಡಿದ ಐಸಿಂಗ್ ಶುಗರ್, ಒಂದು ಚಮಚ ಹಾಲು, ಚಿಟಿಕೆ ಉಪ್ಪು. ಅಕ್ಕನಿಗೆ ಕ್ರೀಮ್ ಆಗಲ್ಲ ಅಂತ ನೆನಪಿತ್ತು, ಅದಕ್ಕೇ ಪೂರ್ತಿ ಬಳಿಯದೆ ಅಂಚಿಗೆ ಸುತ್ತ ಸಣ್ಣ ನಕ್ಷತ್ರದ ಸಾಲು, ನಡುವೆ ಅಕ್ಷರ, ಮುಗೀತು. ಅರ್ಧಕ್ಕೆ ಮಾತ್ರ ಬಣ್ಣ ಬೆರೆಸ್ದೆ, ಜೆಲ್ ಬಣ್ಣ, ನೀರಿನಂಥ ಬಣ್ಣ ಹಾಕಿದ್ರೆ ಕ್ರೀಮ್ ತೆಳ್ಳಗಾಗತ್ತೆ. ಬೆರೆಸಿದಾಗ ಪೇಲವ ಅನ್ಸಿದ್ರೂ ಅಲ್ಲೇ ನಿಲ್ಲಿಸಿ, ಒಂದೆರಡು ಗಂಟೇಲಿ ಅದೇ ಗಾಢ ಆಗತ್ತೆ. ಬಿಸಿ ಆರದ ಕುಕ್ಕಿ ಮೇಲೆ ಮಾತ್ರ ಏನೂ ಹಾಕ್ಬೇಡಿ, ನಕ್ಷತ್ರ ಎಲ್ಲಾ ಕರಗಿ ಕೆರೆ ಸೇರ್ಕೊಳತ್ತೆ.

ಅಕ್ಷರ ಅಂದ್ನಲ್ಲ, ಅಸಲಿ ಕಥೆ ಇರೋದು ಅಲ್ಲಿ. ನೋಡೋ ವೀಡಿಯೋಗಳಲ್ಲೆಲ್ಲಾ ಇಂಗ್ಲಿಷಲ್ಲಿ ಬರೀತಾರೆ, ಸರಸರ ಅಂತ ಒಂದೇ ಗೆರೆ ಮೇಲೆ ಓಡ್ತಾರೆ. ನನಗೆ ಅಕ್ಕನಿಗೆ ಕನ್ನಡದಲ್ಲೇ ಬರೀಬೇಕು ಅಂತ ಹಠ. "ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು" ಅಂತ ಪೇಪರಲ್ಲಿ ಬರ್ದು ಎಣಿಸ್ದೆ, ಹದಿನಾಲ್ಕು ಅಕ್ಷರ, ಅದರಲ್ಲಿ ಎರಡು ಒತ್ತಕ್ಷರ, ಒಂದು ಅರ್ಕಾವೊತ್ತು, ಕೊಂಬುಗಳು ಎಷ್ಟೋ. ಬಟರ್‌ಕ್ರೀಮ್ ಗೆರೆಯೇ ಮೂರು ನಾಲ್ಕು ಮಿಲಿಮೀಟರ್ ದಪ್ಪ ಬರತ್ತೆ, ಆ ದಪ್ಪದಲ್ಲಿ ಓದೋ ಹಾಗೆ ಇರ್ಬೇಕು ಅಂದ್ರೆ ಒಂದೊಂದು ಅಕ್ಷರಕ್ಕೂ ಕಮ್ಮಿ ಅಂದ್ರೂ ಮೂರು ಸೆಂಟಿಮೀಟರ್ ಬೇಕು. ಅಂಚಿನ ನಕ್ಷತ್ರ ಬಿಟ್ರೆ ನನ್ನ ಹತ್ರ ಉಳಿಯೋದು 22 ಸೆಂಟಿಮೀಟರಿನ ದುಂಡು ಅಂಗಳ. ಒತ್ತು ಬೇರೆ ಕೆಳಗೆ ಇಳಿಯತ್ತೆ, ಗುಡಿಸು ಮೇಲೆ ಹತ್ತತ್ತೆ, ಅಂದ್ರೆ ಕನ್ನಡದ ಒಂದು ಸಾಲಿಗೆ ಎರಡು ಸಾಲಿನ ಎತ್ತರ. "ಟ್ಟು" ಅಂತ ಕ್ರೀಮಲ್ಲಿ ಪ್ರಾಕ್ಟೀಸ್ ಮಾಡಿ ನೋಡಿ ಒಂದ್ಸಲ, ಬಸವನಹುಳ ಬಸವನಹುಳದ ಮೇಲೆ ಕೂತ ಹಾಗೆ ಆಗತ್ತೆ.

ಹಾಗಾಗಿ ಶುಭಾಶಯ ಕ್ಯಾನ್ಸಲ್. ಗಂಟೆಗಟ್ಲೆ ಯೋಚ್ನೆ ಮಾಡಿ ಕೊನೆಗೆ ಹೊಳೆದಿದ್ದು "ಅಕ್ಕ ಕಚ್ಚು". ನಾಲ್ಕೇ ಅಕ್ಷರ. ಮೇಲಿನ ಸಾಲಲ್ಲಿ ಎರಡು, ಕೆಳಗಿನ ಸಾಲಲ್ಲಿ ಎರಡು. ಪ್ರೀತಿಯೂ ಇದೆ, ಆರ್ಡರೂ ಇದೆ, ಚಿಕ್ಕೋಳಿದ್ದಾಗ ನಾನು ಅವಳನ್ನ ಕಚ್ತಿದ್ದೆ ಅನ್ನೋ ಹಳೇ ಬಾಕಿನೂ ಇದೆ. ಒಂದೇ ಸಮಸ್ಯೆ ಏನಂದ್ರೆ ಎರಡೂ ಸಾಲಲ್ಲಿ ಎರಡನೇ ಅಕ್ಷರಕ್ಕೇ ಒತ್ತು. ಮೇಲಿನ "ಕ್ಕ"ದ ಒತ್ತು ಸೀದಾ ಇಳಿದು ಕೆಳಗಿನ "ಚ್ಚು" ತಲೆ ಮೇಲೆ ಕೂರತ್ತೆ. ಅದಕ್ಕೆ ಸಾಲುಗಳ ನಡುವೆ ಎರಡು ಬೆರಳು ಜಾಸ್ತಿ ಬಿಟ್ಟೆ.

ಬಟರ್ ಪೇಪರ್ ಮೇಲೆ ಅದೇ ಸೈಜಲ್ಲಿ ಬರ್ದು, ಕುಕ್ಕಿ ಮೇಲಿಟ್ಟು, ಟೂತ್‌ಪಿಕ್ಕಲ್ಲಿ ಗೆರೆ ಉದ್ದಕ್ಕೂ ಸಣ್ಣ ಸಣ್ಣ ತೂತು ಚುಚ್ಚಿದೆ. ಪೇಪರ್ ತೆಗೆದ್ರೆ ಚುಕ್ಕಿ ಚುಕ್ಕಿ ಅಕ್ಷರ ಕಾಣತ್ತೆ, ಅದರ ಮೇಲೆ ಕ್ರೀಮ್ ಎಳೆಯೋದು. ಇದಕ್ಕೇ ಅಂತ ನಾನು ಹಿಟ್ಟು ತಟ್ಟೋವಾಗ್ಲೇ ನಡುವಿನ ಪಟ್ಟಿಯಲ್ಲಿ ಮೇಲೆ ಚಾಕ್ಲೇಟ್ ತುಂಡು ಬರದ ಹಾಗೆ ನೋಡ್ಕೊಂಡಿದ್ದೆ, ಚಾಕ್ಲೇಟ್ ಉಬ್ಬಿದ ಕಡೆ ಗೆರೆ ಹತ್ತಿ ಇಳಿದು ಕಡಿದು ಹೋಗತ್ತೆ. ಆದ್ರೂ ಒಂದು ತುಂಡು ತಪ್ಪಿಸ್ಕೊಂಡು ಬಂದು ಸರಿಯಾಗಿ "ಕ್ಕ"ದ ಒತ್ತಿನ ಜಾಗದಲ್ಲೇ ತಲೆ ಎತ್ತಿತ್ತು. ಚಾಕು ತುದೀಲಿ ಕೆರೆದು ತೆಗೆದೆ.

ಕೋನ್ ಹಿಡಿಯೋ ರೀತಿ ಒಂದು ಹೇಳ್ಬಿಡ್ತೀನಿ, ನಳಿಕೇನ ಕುಕ್ಕಿಗೆ ಮುಟ್ಟಿಸಿ ಎಳೆಯಬಾರ್ದು, ಒಂದು ಸೆಂಟಿಮೀಟರ್ ಮೇಲೆ ಹಿಡಿದು ಕ್ರೀಮನ್ನ ಹಗ್ಗದ ಹಾಗೆ ಇಳಿಬಿಡ್ಬೇಕು, ಆವಾಗ ದುಂಡುಗಳು ನಡುಗಲ್ಲ. ಕನ್ನಡಕ್ಕಂತೂ ದುಂಡೇ ದುಂಡು. ಗೆರೆ ಮುಗಿಸೋವಾಗ ಮೊದಲು ಹಿಚುಕೋದು ನಿಲ್ಲಿಸಿ, ಆಮೇಲೆ ಕೈ ಎತ್ತಿ. ಹಿಚುಕ್ತಾನೇ ಎತ್ತಿದ್ರೆ ತುದಿಯಲ್ಲಿ ಬಾಲ ಎದ್ದು ಸುತ್ತಿಕೊಳತ್ತೆ.

ಇದನ್ನ ಇಷ್ಟು ಗಟ್ಟಿಯಾಗಿ ಯಾಕೆ ಹೇಳ್ತಿದೀನಿ ಅಂದ್ರೆ ನನಗೆ ಆಗಿದ್ದೇ ಅದು. "ಅಕ್ಕ" ಚೆನ್ನಾಗಿ ಬಂತು. ಎರಡನೇ ಸಾಲಿನ "ಕ" ಬರ್ದು ತಲೆಕಟ್ಟು ಎಳೆದೆ, ಅಷ್ಟೊತ್ತಿಗೆ ಫೋನ್ ಬಡ್ಕೊಳ್ತು, ನೋಡಿದ್ರೆ ಅಕ್ಕನದ್ದೇ ಕಾಲ್, ಕೈ ಬೆಚ್ಚಿ ಎತ್ತಿದೆ, ತಲೆಕಟ್ಟಿನ ತುದಿ ಮೇಲಕ್ಕೆ ಸುತ್ತಿಕೊಂಡು ಅಲ್ಲೇ ಕೂತ್ಬಿಡ್ತು. ಟೂತ್‌ಪಿಕ್ಕಲ್ಲಿ ತೀಡಿದೆ, ಪರವಾಗಿಲ್ಲ ಅನ್ನಿಸ್ತು. "ಚ್ಚು" ಮುಗಿಸಿ, ಸುತ್ತ ನಕ್ಷತ್ರ ಇಟ್ಟು, ದೂರ ನಿಂತು ನೋಡ್ದೆ, ಸೂಪರ್ ಕಾಣಿಸ್ತು. ಮಾಡಿದೋಳ ಕಣ್ಣಿಗೆ ತಾನು ಏನು ಬರ್ದಿದೀನಿ ಅನ್ನೋದೇ ಕಾಣೋದು, ಏನು ಬಂದಿದೆ ಅನ್ನೋದಲ್ಲ.

ಸಾಗಿಸೋದು ಹೆಚ್ಚು ತ್ರಾಸಾಗ್ಲಿಲ್ಲ. ಹೊಸ ಪಿಜ್ಜಾ ಡಬ್ಬದಲ್ಲಿ ಬೋರ್ಡ್ ಸಮೇತ ಸರಿಯಾಗಿ ಕೂತ್ಕೊಂಡ್ತು, ಬೋರ್ಡ್ ಜಾರದ ಹಾಗೆ ಕೆಳಗೆ ಡಬಲ್ ಟೇಪ್ ಅಂಟಿಸ್ದೆ. ಕ್ರೀಮ್ ಮುಚ್ಚಳಕ್ಕೆ ತಾಗದಷ್ಟು ಎತ್ತರ ಇದೆಯಾ ಅಂತ ಮೊದಲೇ ನೋಡ್ಕೋಬೇಕು. ಕಾರಲ್ಲಿ ಸೀಟ್ ಮೇಲೆ ಇಡ್ಬೇಡಿ, ಸೀಟು ಹಿಂದಕ್ಕೆ ಇಳಿಜಾರಿರತ್ತೆ, ತೊಡೆ ಮೇಲಂತೂ ಬೇಡವೇ ಬೇಡ, ಮೈಬಿಸಿಗೆ ಕರಗತ್ತೆ. ಕಾಲಿನ ಹತ್ರ ನೆಲದ ಮೇಲೆ ಇಟ್ರೆ ಅಲುಗಾಡಲ್ಲ.

ಅಕ್ಕನ ಮನೇಲಿ ಡಬ್ಬ ತೆಗೆದಾಗ ಎಲ್ಲರೂ ಸುತ್ತ ನಿಂತಿದ್ರು. ಅಕ್ಕ ಎರಡು ಕೈಯಲ್ಲೂ ಬಾಯಿ ಮುಚ್ಕೊಂಡ್ಲು, ಇಷ್ಟು ದೊಡ್ಡ ಕುಕ್ಕಿನಾ ಅಂತ. ನಾನು ಸುಮ್ನೆ ದೊಡ್ಡಸ್ತಿಕೆ ಮಾಡದೋಳ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಭಾವ ಕನ್ನಡಕ ಏರಿಸ್ಕೊಂಡು ಬಗ್ಗಿ ನೋಡಿ, ಜೋರಾಗಿ ಓದಿದ್ರು.

"ಅಕ್ಕ ಕೆಚ್ಚು. ಏನಮ್ಮಾ ಇದು, ನಿಮ್ಮಕ್ಕಂಗೆ ಕೆಚ್ಚು ಈಗ್ಲೇ ಜಾಸ್ತಿ ಇದೆ, ನೀನು ಬೇರೆ ಬರ್ಕೊಟ್ಟಿದೀಯಾ?"

"ಕೆಚ್ಚು ಅಲ್ಲ ಭಾವ, ಕಚ್ಚು, ಕಚ್ಚು!" ಅಂದೆ. ನೋಡಿದ್ರೆ ಹೌದು, ಆ ತಲೆಕಟ್ಟಿನ ಬಾಲ ಒಣಗಿ ಗಟ್ಟಿಯಾಗಿ ಎದ್ದು ನಿಂತು ಥೇಟ್ ಎತ್ವ ಆಗಿತ್ತು. ಯಾರು ಓದಿದ್ರೂ ಕೆಚ್ಚೇ. ಅಕ್ಕ ನಕ್ಕೂ ನಕ್ಕೂ ಕುರ್ಚಿ ಹಿಡ್ಕೊಂಡ್ಲು, "ಇರ್ಲಿ ಬಿಡೇ, ಇದೇ ಚೆನ್ನಾಗಿದೆ, ಸರಿ ಮಾಡೋಕೆ ಹೋಗ್ಬೇಡ" ಅಂದ್ಲು.

ಕತ್ತರಿಸಿದ್ದು ಕೇಕಿನ ಹಾಗೆ ತ್ರಿಕೋನ ತ್ರಿಕೋನವಾಗಿ. ಹಾಗೆ ಮಾಡಿದ್ರೆ ಪ್ರತಿಯೊಬ್ಬರಿಗೂ ಹೊರಗಿನ ಗರಿಗರಿ ಅಂಚೂ ಸಿಗತ್ತೆ, ತುದಿಗೆ ನಡುವಿನ ಮೆತ್ತನೆಯದೂ ಸಿಗತ್ತೆ, ಜಗಳ ಇಲ್ಲ. ಚೌಕ ಚೌಕ ಮಾಡಿದ್ರೆ ನಡುವಿನೋರು ಅಂಚಿಗೆ ಅಳ್ತಾರೆ. ಚಾಕೂನ ಬಿಸಿನೀರಲ್ಲಿ ಅದ್ದಿ ಒರೆಸಿ ಒತ್ತಿದ್ರೆ ಪುಡಿಯಾಗಲ್ಲ. ಅಕ್ಕನ ಮಗಳು "ಅ" ತಿಂದ್ಲು, ಭಾವನಿಗೆ "ಚ್ಚು" ಬಂತು, ನನಗೆ "ಕ್ಕ"ದ ಒತ್ತು. ಅಕ್ಕ ಮೊದಲ ತುಂಡು ಕಚ್ಚಿದೋಳು ಏನೂ ಮಾತಾಡ್ದೆ ಇನ್ನೊಂದು ಸಲ ಕಚ್ಚಿದ್ಲು, ನನಗೆ ಅಷ್ಟು ಸಾಕಾಯ್ತು. "ಕೆ" ಇದ್ದ ತುಂಡನ್ನ ಮಾತ್ರ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ, ಡಬ್ಬೀಲಿ ಹಾಕಿ ಎತ್ತಿಟ್ಲು. ಡಬ್ಬಿಯೊಳಗೆ ಒಂದು ಬ್ರೆಡ್ ತುಂಡೂ ಇಡು, ಅದರ ತೇವ ಕುಕ್ಕಿ ಎಳ್ಕೊಂಡು ಮೂರ್ನಾಲ್ಕು ದಿನ ಮೆತ್ತಗಿರತ್ತೆ ಅಂತ ಹೇಳಿ ಬಂದೆ.

ನಾಲ್ಕನೇ ದಿನ ಫೋನ್ ಬಂತು.

"ಕೆಚ್ಚು ಮುಗೀತು ಕಣೇ."

"ಹೇಗಿತ್ತು?"

"ಮೊದಲನೇ ದಿನಕ್ಕಿಂತ ಚೆನ್ನಾಗಿತ್ತು. ಅದ್ಸರಿ, ಕೆಳಗಡೆ ಇತ್ತಲ್ಲ ಆ ದುಂಡು ಬೋರ್ಡ್, ಅದನ್ನ ಎಲ್ಲಿಡ್ಲಿ ಹೇಳು."